ಬೆಳಿಗ್ಗೆ ನಾಲ್ಕಕ್ಕೆ ಏಳಲಾಗದವರ ಪ್ರಾರ್ಥನೆ

ಪ್ರಶ್ನೆ: ಅಯ್ಯನವರೇ, ನನಗೆ 34 ವರ್ಷ. ಬೆಟಗೇರಿಯ ಸಿಎಸ್‌ಐ ಪ್ರಾಟೆಸ್ಟೆಂಟ್ ಸಭೆಯಲ್ಲಿ ಬೆಳೆದವಳು, ಮದುವೆಯಾಗಿ ಹತ್ತು ವರ್ಷದಿಂದ ಬೆಂಗಳೂರಿನಲ್ಲಿದ್ದೇನೆ. ಪೀಣ್ಯದ ಹತ್ತಿರ ಮನೆ, ಜಯನಗರದಲ್ಲಿ ಲೆಕ್ಕಪತ್ರದ ಕೆಲಸ, ಇಬ್ಬರು ಮಕ್ಕಳು. ಚಿಕ್ಕವಳಿದ್ದಾಗ ಅಪ್ಪ ದಿನಾ ರಾತ್ರಿ ಕುಟುಂಬ ಪ್ರಾರ್ಥನೆ ನಡೆಸುತ್ತಿದ್ದರು. ಈಗ ನಾನು ಪ್ರಾರ್ಥಿಸುವುದು ಮಗುವಿಗೆ ಜ್ವರ ಬಂದಾಗ, ಸಂಬಳ ತಡವಾದಾಗ ಮಾತ್ರ. ಒಂದು ಉಜ್ಜೀವನ ಕೂಟದಲ್ಲಿ "ಬೆಳಿಗ್ಗೆ ನಾಲ್ಕಕ್ಕೆ ಎದ್ದು ಒಂದು ಗಂಟೆ ಪ್ರಾರ್ಥಿಸದವರು ಹೆಸರಿಗೆ ಮಾತ್ರ ಕ್ರೈಸ್ತರು" ಎಂದರು. ಅದನ್ನು ಕೇಳಿ ಈ ಸಲ ಈಸ್ಟರಿಗೆ ಮುಂಚಿನ ಉಪವಾಸದ ಕಾಲವಾದ ಲೆಂಟ್‌ನಲ್ಲಿ ಶುರು ಮಾಡಿದೆ, ಒಂಬತ್ತನೇ ದಿನಕ್ಕೆ ನಿಂತಿತು. ಕೂತರೆ ನಿದ್ದೆ, ಇಲ್ಲದಿದ್ದರೆ ಗ್ಯಾಸು, ಸ್ಕೂಲ್ ಫೀಸು, ಆಫೀಸಿನ ಯೋಚನೆ. ಯಜಮಾನರು ಕ್ಯಾಥೊಲಿಕ್ ಮನೆತನದವರು. ಅತ್ತೆ ದಿನಾ ಸಂಜೆ ಜಪಮಾಲೆ ಹಿಡಿದು ಕೂರುತ್ತಾರೆ, ಒಂದು ದಿನವೂ ತಪ್ಪಿಸುವುದಿಲ್ಲ. ನೋಡಿದರೆ ಹೊಟ್ಟೆಕಿಚ್ಚಾಗುತ್ತದೆ. ಆದರೆ ಬಾಯಿಪಾಠದ ಪ್ರಾರ್ಥನೆ ಪ್ರಾರ್ಥನೆಯೇ ಅಲ್ಲ ಎಂದು ನಮಗೆ ಕಲಿಸಿದ್ದರು. ಇಷ್ಟು ದಿನ ಬಿಟ್ಟು ಈಗ ಮತ್ತೆ ಶುರು ಮಾಡಲು ಮುಖವಿಲ್ಲ. ಏನು ಮಾಡಲಿ?

ಉತ್ತರ: ತಂಗೀ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಕೊನೆಯ ಮಾತಿನಿಂದಲೇ ಶುರು ಮಾಡುತ್ತೇನೆ, ಯಾಕೆಂದರೆ ಬಾಗಿಲಿಗೆ ಅಡ್ಡ ನಿಂತಿರುವುದು ಅದೇ. ಶುರು ಮಾಡಲು ಮುಖವಿಲ್ಲ ಅಂತ ಬರೆದಿದ್ದೀರಿ. ಸಭಾಪಾಲಕನಾಗಿ ನಾನು ಕಳೆದ 36 ವರ್ಷಗಳಲ್ಲಿ ಈ ಮಾತನ್ನು ಎಷ್ಟು ಜನರ ಬಾಯಿಂದ ಕೇಳಿದ್ದೇನೋ ಲೆಕ್ಕವಿಲ್ಲ. ಕಾಯಿಲೆ ಬಿದ್ದವರು ಹೇಳಿದ್ದಾರೆ, ಸಭೆಯ ಹಿರಿಯರು ಹೇಳಿದ್ದಾರೆ, ಭಾನುವಾರ ಶಾಲೆಯಲ್ಲಿ ಪಾಠ ಮಾಡುವವರೂ ಹೇಳಿದ್ದಾರೆ. ನಾವು ಪ್ರಾರ್ಥನೆಯನ್ನು ಚೀಟಿ ಕಂತಿನ ಹಾಗೆ ಮಾಡಿಕೊಂಡುಬಿಟ್ಟಿದ್ದೇವೆ. ಒಂದು ತಿಂಗಳು ಕಟ್ಟದಿದ್ದರೆ ಮುಂದಿನ ತಿಂಗಳು ಎರಡು ಕಂತು, ಮೇಲೆ ದಂಡ. ಮೂರು ತಿಂಗಳು ತಪ್ಪಿದರೆ ಚೀಟಿ ನಡೆಸುವವರ ಮನೆ ಮುಂದೆ ಹಾದು ಹೋಗುವುದಕ್ಕೇ ಸಂಕೋಚ, ಬೇರೆ ಬೀದಿ ಸುತ್ತಿಕೊಂಡು ಹೋಗುತ್ತೇವೆ, ಅಲ್ವಾ? ನೀವು ಈಗ ಹಾಗೆ ಬೇರೆ ಬೀದಿಯಲ್ಲಿ ಓಡಾಡುತ್ತಿದ್ದೀರಿ.

ಸತ್ಯವೇದದ ವಿಮೋಚನಕಾಂಡದ 16ನೇ ಅಧ್ಯಾಯದಲ್ಲಿ, ಅಡವಿಯಲ್ಲಿ ದೇವರು ಇಸ್ರಾಯೇಲರಿಗೆ ಕೊಟ್ಟ ಆಹಾರವಾದ ಮನ್ನದ ಕಥೆ ಇದೆ, ನಿಮಗೆ ಗೊತ್ತಿರುವುದೇ. ದಿನಾ ಬೆಳಿಗ್ಗೆ ಹೊರಗೆ ಹೋಗಿ ಆ ದಿನಕ್ಕೆ ಬೇಕಾದಷ್ಟು ಕೂಡಿಸಿಕೊಳ್ಳಬೇಕು. ನಾಳೆಗೆ ಇರಲಿ ಅಂತ ಎತ್ತಿಟ್ಟವರದ್ದು ಹುಳ ಬಿದ್ದು ನಾರಿತು. ಸಬ್ಬತ್ತು ಎಂಬ ವಿಶ್ರಾಂತಿ ದಿನದ ಹಿಂದಿನ ದಿನ ಮಾತ್ರ ಎರಡು ಪಾಲು. ಈ ಕಥೆಯನ್ನು ಓದುವಾಗ ನಾವು ಒಂದು ವಿಷಯವನ್ನು ಗಮನಿಸುವುದಿಲ್ಲ. ನಿನ್ನೆ ಕೂಡಿಸದೆ ಇದ್ದವನು ಇವತ್ತು ಎರಡು ಪಾಲು ಕೂಡಿಸಿ ಬಾಕಿ ತೀರಿಸಬೇಕು ಎಂಬ ನಿಯಮ ಆ ಅಧ್ಯಾಯದಲ್ಲಿ ಎಲ್ಲೂ ಇಲ್ಲ. ಇವತ್ತು ಬೆಳಿಗ್ಗೆ ಮನ್ನ ಬಿದ್ದಿದೆ, ಹೋಗಿ ಎತ್ತಿಕೊಳ್ಳಬೇಕು, ಅಷ್ಟೇ. ಕರ್ತನು ಕಲಿಸಿದ ಪ್ರಾರ್ಥನೆಯಲ್ಲೂ "ನಮ್ಮ ಅನುದಿನದ ಆಹಾರವನ್ನು ಈ ಹೊತ್ತು ನಮಗೆ ದಯಪಾಲಿಸು" ಎಂದೇ ಇದೆ. ಈ ಹೊತ್ತು. ಹಾಗಾಗಿ ನೀವು ಬಿಟ್ಟ ದಿನಗಳನ್ನು ತುಂಬಿಕೊಡಬೇಕಾಗಿಲ್ಲ. ತುಂಬಿಕೊಡಲು ಆಗುವುದೂ ಇಲ್ಲ. ನಾಳೆ ಬೆಳಿಗ್ಗೆ ಎದ್ದಾಗ ನಿಮ್ಮ ಮುಂದೆ ಇರುವುದು ನಾಳೆಯ ದಿನ ಒಂದೇ.

ಈಗ ಆ ನಾಲ್ಕು ಗಂಟೆಯ ವಿಷಯ. ಆ ಪ್ರಸಂಗಿಗಳು ಒಳ್ಳೆಯ ಮನಸ್ಸಿನಿಂದಲೇ ಹೇಳಿರಬಹುದು. ಆದರೆ ಹೇಳಿದ್ದು ಸರಿಯಲ್ಲ, ಇದನ್ನು ನಾನು ನೇರವಾಗಿಯೇ ಹೇಳುತ್ತೇನೆ. ಇಬ್ಬರು ಮಕ್ಕಳನ್ನು ಮಲಗಿಸಿ, ಪಾತ್ರೆ ತೊಳೆದು, ನಾಳೆಯ ಡಬ್ಬಿಗೆ ತರಕಾರಿ ಹೆಚ್ಚಿಟ್ಟು ಹನ್ನೊಂದಕ್ಕೆ ಮಲಗುವವರಿಗೆ ನಾಲ್ಕಕ್ಕೆ ಏಳು ಅನ್ನುವುದು, ದೇಹಕ್ಕೆ ದೇವರು ಕೊಟ್ಟ ನಿದ್ದೆಯನ್ನೇ ಕಿತ್ತುಕೊಂಡ ಹಾಗೆ. ನೀವು ಒಂಬತ್ತು ದಿನ ಎದ್ದಿರಲ್ಲ, ನನಗೆ ಅದೇ ಆಶ್ಚರ್ಯ. ಯೇಸುಸ್ವಾಮಿ ಮುಂಜಾನೆ ಇನ್ನೂ ಕತ್ತಲಿರುವಾಗ ಎದ್ದು ಅಡವಿಯ ಜಾಗಕ್ಕೆ ಹೋಗಿ ಪ್ರಾರ್ಥಿಸಿದ್ದು ನಿಜ, ಮಾರ್ಕನ ಮೊದಲನೇ ಅಧ್ಯಾಯದಲ್ಲಿದೆ. ಮುಂದಿನ ವಚನವನ್ನೂ ಓದಿ. ಸೀಮೋನನೂ ಜೊತೆಯವರೂ ಹುಡುಕಿಕೊಂಡು ಅಲ್ಲಿಗೇ ಬಂದು, ಎಲ್ಲರೂ ನಿನ್ನನ್ನು ಹುಡುಕುತ್ತಿದ್ದಾರೆ ಅನ್ನುತ್ತಾರೆ. ಅಂದರೆ ಆತನ ಪ್ರಾರ್ಥನೆಯ ಜಾಗಕ್ಕೂ ಜನ ಬಂದರು. "ಅಮ್ಮಾ, ನನ್ನ ಸಾಕ್ಸ್ ಎಲ್ಲಿ" ಎಂದು ಮಗ ಬಂದು ನಿಮ್ಮ ಭುಜ ಅಲ್ಲಾಡಿಸಿದಾಗ ಇದು ನೆನಪಿರಲಿ.

ಕೂಟಗಳಲ್ಲಿ, ಪ್ರಾಟೆಸ್ಟೆಂಟ್ ಸಭೆಗಳಿಗೆ ದಾರಿ ಹಾಕಿದ ಜರ್ಮನ್ ಸುಧಾರಕ ಮಾರ್ಟಿನ್ ಲೂಥರ್ ದಿನಕ್ಕೆ ಮೂರು ಗಂಟೆ ಪ್ರಾರ್ಥಿಸುತ್ತಿದ್ದರು ಎಂದು ಹೇಳುತ್ತಾರೆ, ನೀವೂ ಕೇಳಿರಬಹುದು. ಅದು ಸುಮ್ನೆ ಹುಟ್ಟಿದ ಮಾತಲ್ಲ. 1530ರಲ್ಲಿ ಅವರು ಕೋಬುರ್ಗ್ ಕೋಟೆಯಲ್ಲಿದ್ದಾಗ ಜೊತೆಗಿದ್ದ ವೈಟ್ ಡೀಟ್ರಿಖ್ ಹಾಗೆ ಬರೆದಿಟ್ಟಿದ್ದಾರೆ. ಆದರೆ ಇದಾಗಿ ಐದು ವರ್ಷಕ್ಕೆ, 1535ರಲ್ಲಿ, ಅವರ ಕ್ಷೌರಿಕ ಪೇತರ್ ಬೆಸ್ಕೆಂಡಾರ್ಫ್ ನಿಮ್ಮ ಪ್ರಶ್ನೆಯನ್ನೇ ಕೇಳಿದರು: ನನ್ನಂಥ ಸಾಧಾರಣ ಮನುಷ್ಯ ಹೇಗೆ ಪ್ರಾರ್ಥಿಸಬೇಕು? ಲೂಥರ್ ಅವರಿಗಾಗಿ ಒಂದು ಸಣ್ಣ ಪುಸ್ತಕವನ್ನೇ ಬರೆದರು. ಅದರಲ್ಲಿ ಮೂರು ಗಂಟೆಯ ಮಾತಿಲ್ಲ. ಬೆಳಿಗ್ಗೆ ಮೊದಲ ಕೆಲಸ, ರಾತ್ರಿ ಕೊನೆಯ ಕೆಲಸ ಪ್ರಾರ್ಥನೆಯಾಗಿರಲಿ. ಇನ್ನೊಂದು ಗಂಟೆ ಬಿಟ್ಟು ಮಾಡುತ್ತೇನೆ, ಮೊದಲು ಈ ಕೆಲಸ ಮುಗಿಸುತ್ತೇನೆ ಎಂಬ ಯೋಚನೆ ಬಂದರೆ ಎಚ್ಚರ. ಪ್ರಾರ್ಥನೆ ಉದ್ದ ಇರಬೇಕಿಲ್ಲ, ಮೇಲಿಂದ ಮೇಲೆ ಇರಲಿ, ಮನಸ್ಸಿಟ್ಟು ಇರಲಿ. ಅವರ ಮಾತಿನ ಸಾರ ಇದು. ಮೂರು ಗಂಟೆ ಪ್ರಾರ್ಥಿಸಬಲ್ಲವರು ಅಂಗಡಿ ಇಟ್ಟುಕೊಂಡು ದುಡಿಯುವವನ ಮೇಲೆ ಆ ಮೂರು ಗಂಟೆಯನ್ನು ಹೊರಿಸಲಿಲ್ಲ. ನನಗೆ ಲೂಥರ್ ಮೇಲೆ ಪ್ರೀತಿ ಹುಟ್ಟಿದ್ದು ಇದನ್ನು ಓದಿದ ಮೇಲೆ.

ಎಷ್ಟು ಹೊತ್ತು ಎಂಬುದನ್ನು ಹಾಗಾದರೆ ಪಕ್ಕಕ್ಕಿಡೋಣ. ಯಾವಾಗ ಎಂಬುದು ಮುಖ್ಯ. ದಾನಿಯೇಲನು ದಿನಕ್ಕೆ ಮೂರು ಸಲ ಯೆರೂಸಲೇಮಿನ ಕಡೆಗೆ ತೆರೆದ ಕಿಟಕಿಯ ಹತ್ತಿರ ಮೊಣಕಾಲೂರುತ್ತಿದ್ದ. ಅವನೇನೂ ಬಿಡುವಾಗಿದ್ದವನಲ್ಲ, ದೇಶದ ಆಡಳಿತ ನೋಡಿಕೊಳ್ಳುತ್ತಿದ್ದವನು. 55ನೇ ಕೀರ್ತನೆಯಲ್ಲಿ ಸಂಜೆ, ಬೆಳಿಗ್ಗೆ, ಮಧ್ಯಾಹ್ನ ಎಂಬ ಮಾತಿದೆ. ಪೇತ್ರ ಯೊಪ್ಪದಲ್ಲಿ ನಡುಮಧ್ಯಾಹ್ನ ಮಾಳಿಗೆ ಹತ್ತಿ ಪ್ರಾರ್ಥಿಸಿದ. ಆಗ ಅವನಿಗೆ ಹಸಿವಾಗಿತ್ತು, ಕೆಳಗೆ ಅಡುಗೆ ಆಗುತ್ತಿತ್ತು ಎಂಬುದನ್ನೂ ಲೂಕ ಬಿಡದೆ ಬರೆದಿದ್ದಾನೆ. ಆದಿಸಭೆಯ ಕಾಲದ ದಿದಖೆ ಎಂಬ ಹಳೆಯ ಬೋಧನೆಯಲ್ಲಿ ಕರ್ತನ ಪ್ರಾರ್ಥನೆಯನ್ನು ದಿನಕ್ಕೆ ಮೂರು ಸಲ ಹೇಳಿರಿ ಎಂದಿದೆ. ನೋಡಿ, ಇವರು ಯಾರೂ ಮನಸ್ಸು ಬಂದಾಗ ಪ್ರಾರ್ಥಿಸಿದವರಲ್ಲ. ಹೊತ್ತು ಬಂದಾಗ ಪ್ರಾರ್ಥಿಸಿದರು. ಮನಸ್ಸು ಕೆಲವು ದಿನ ಜೊತೆಗೆ ಬಂತು, ಕೆಲವು ದಿನ ಬರಲಿಲ್ಲ. ನಮಗೆ ಊಟ ಮಾಡಿದ ಮೇಲೆ ಹಸಿವಿನ ನೆನಪು ಹೋಗುತ್ತದೆ, ಆದರೆ ಹೊತ್ತಾದರೆ ತಟ್ಟೆ ಹಾಕುತ್ತೇವೆ. ಹಾಗೆ.

ನಿಮ್ಮ ದಿನದಲ್ಲಿ ಹೊಸ ಹೊತ್ತನ್ನು ಹುಟ್ಟಿಸಲು ಹೋಗಬೇಡಿ, ಜಾಗವಿಲ್ಲ. ಈಗಾಗಲೇ ದಿನಾ ತಪ್ಪದೆ ಆಗುವ ಕೆಲಸಗಳಿವೆ. ಅವುಗಳಿಗೆ ಕಟ್ಟಿಬಿಡಿ. ಇದನ್ನು ನನಗೆ ಯಾವ ವೇದಶಾಸ್ತ್ರ ಕಾಲೇಜಿನಲ್ಲೂ ಕಲಿಸಲಿಲ್ಲ, ನನ್ನ ಅವ್ವ ಕಲಿಸಿದಳು. ನಮ್ಮ ಮನೆಯಲ್ಲಿ ಬೆಳಿಗ್ಗೆ ಜೋಳದ ರೊಟ್ಟಿ. ಅವ್ವ ಒಲೆಯ ಮುಂದೆ ಕೂತು ಹಿಟ್ಟನ್ನು ಬಿಸಿನೀರು ಹಾಕಿ ನಾದಿ, ಒಂದು ಉಂಡೆ ತೆಗೆದು, ಕೆಳಗೆ ಹಿಟ್ಟು ಉದುರಿಸಿ ಬಡಿಯಲು ಶುರು ಮಾಡುತ್ತಿದ್ದಳು. ಟಪ್ ಟಪ್ ಎಂಬ ಆ ಸದ್ದಿಗೇ ನಾವು ಮಕ್ಕಳು ಏಳುತ್ತಿದ್ದೆವು. ಬಡಿಯುವಾಗ ಅವಳ ತುಟಿ ಅಲ್ಲಾಡುತ್ತಿತ್ತು. ಏನೋ ಗೊಣಗುತ್ತಾಳೆ ಅಂದುಕೊಂಡಿದ್ದೆ. ಒಂದು ದಿನ ಹತ್ತಿರ ಕೂತು ಕೇಳಿದೆ. ರೊಟ್ಟಿಗೊಂದು ಹೆಸರು. ಮೊದಲನೆಯದು ಅಪ್ಪನಿಗೆ, ಆಮೇಲೆ ನಾವು ಐದು ಮಕ್ಕಳು, ಆಮೇಲೆ ತವರಿನ ಅಣ್ಣ, ಪಕ್ಕದ ಮನೆಯ ಬಾಣಂತಿ, ಊರಿನ ಆಸ್ಪತ್ರೆಯಲ್ಲಿ ಮಲಗಿದ್ದ ಒಬ್ಬ ಮುದುಕ. ರೊಟ್ಟಿ ಬಡಿದು ಹಂಚಿಗೆ ಹಾಕಿ, ಒದ್ದೆ ಬಟ್ಟೆಯಿಂದ ಮೇಲೆ ನೀರು ಸವರುವಷ್ಟರಲ್ಲಿ ಒಂದು ಹೆಸರು ಮುಗಿಯುತ್ತಿತ್ತು. ಮಾತೂ ಜಾಸ್ತಿ ಇರಲಿಲ್ಲ. "ಸ್ವಾಮೀ, ಇವನ ಕೈ ಹಿಡಿ." ಅಷ್ಟೇ. ಹನ್ನೆರಡು ರೊಟ್ಟಿಯಾದರೆ ಹನ್ನೆರಡು ಹೆಸರು. ಅವ್ವನಿಗೆ ಓದಲು ಬರುತ್ತಿರಲಿಲ್ಲ. ಏಕಾಂತ ಕೋಣೆ ಎಂಬುದು ಆ ಎರಡು ಅಂಕಣದ ಮನೆಯಲ್ಲಿ ಇರಲೇ ಇಲ್ಲ. ಒಲೆಯ ಮುಂದಿನ ಆ ಮಣೆಯೇ ಅವಳ ಕೋಣೆ.

ನಿಮಗೆ ರೊಟ್ಟಿ ಇಲ್ಲದಿದ್ದರೆ ಮೆಟ್ರೋ ಇದೆ. ಪೀಣ್ಯದಲ್ಲಿ ಹತ್ತಿ ಜಯನಗರದಲ್ಲಿ ಇಳಿಯುತ್ತೀರಿ, ಹಸಿರು ಮಾರ್ಗ, ಸುಮಾರು ಅರ್ಧ ಗಂಟೆ. ಒಂದೊಂದು ನಿಲ್ದಾಣಕ್ಕೆ ಒಬ್ಬೊಬ್ಬರ ಹೆಸರು ಇಟ್ಟುಬಿಡಿ. ಗೊರಗುಂಟೆಪಾಳ್ಯಕ್ಕೆ ಮಗಳು, ಯಶವಂತಪುರಕ್ಕೆ ಮಗ, ಸ್ಯಾಂಡಲ್ ಸೋಪ್ ಫ್ಯಾಕ್ಟರಿಗೆ ಯಜಮಾನರು, ಮಹಾಲಕ್ಷ್ಮಿಗೆ ಊರಿನಲ್ಲಿರುವ ಅಪ್ಪ. ಮೆಜೆಸ್ಟಿಕ್‌ನಲ್ಲಿ ರೈಲು ನೆಲದಡಿಗೆ ಇಳಿದಿರುತ್ತದೆ, ಜನ ನುಗ್ಗುತ್ತಾರೆ, ಅಲ್ಲಿ ಹೆಸರು ಬೇಡ. ಆ ಜನರನ್ನೇ ನೋಡಿ "ಸ್ವಾಮೀ, ಇವರೆಲ್ಲರನ್ನೂ ಕರುಣಿಸು" ಅಂದರೆ ಸಾಕು. ಲಾಲ್‌ಬಾಗ್ ದಾಟಿ ಜಯನಗರ ಬರುವಷ್ಟರಲ್ಲಿ ಆಫೀಸಿನಲ್ಲಿ ನಿಮಗೆ ಯಾರ ಮೇಲೆ ಸಿಟ್ಟಿದೆಯೋ ಅವರ ಹೆಸರು ಬರಲಿ. ಆ ಹೆಸರನ್ನು ಬಾಯಲ್ಲಿ ತರಲು ಮೊದಲ ವಾರ ಕಷ್ಟವಾಗುತ್ತದೆ. ಆದರೂ ತನ್ನಿ. ಒಂದು ತಿಂಗಳಾದರೆ ನಿಲ್ದಾಣದ ಹೆಸರನ್ನು ಕೂಗುವ ಆ ಹೆಣ್ಣು ದನಿಯೇ ನಿಮಗೆ ನೆನಪು ಮಾಡಿಕೊಡಲು ಶುರು ಮಾಡುತ್ತದೆ. ಕಣ್ಣು ಮುಚ್ಚುವುದು ಬೇಡ, ಬ್ಯಾಗಿನ ಮೇಲೆ ಗಮನ ಇರಲಿ.

ಬೆಳಿಗ್ಗೆಗೆ ಇನ್ನೂ ಸಣ್ಣದು. ಈಗ ಎಷ್ಟಕ್ಕೆ ಏಳುತ್ತೀರೋ ಅಷ್ಟಕ್ಕೇ ಏಳಿ, ಅಲಾರಂ ಮುಂದೆ ಹಾಕಬೇಡಿ. ಒಂದೇ ಒಂದು ಕಟ್ಟುನಿಟ್ಟು: ಫೋನ್ ಮುಟ್ಟುವುದಕ್ಕೆ ಮೊದಲು. ಅಲಾರಂ ಫೋನಿನಲ್ಲೇ ಇದೆ ಎಂದಾದರೆ ಇನ್ನೂರು ರೂಪಾಯಿ ಕೊಟ್ಟು ಒಂದು ಗಡಿಯಾರ ತನ್ನಿ, ಫೋನನ್ನು ಅಡುಗೆಮನೆಯಲ್ಲಿ ಚಾರ್ಜಿಗೆ ಹಾಕಿ. ಇದನ್ನು ಸಣ್ಣ ವಿಷಯ ಅಂದುಕೊಳ್ಳಬೇಡಿ, ಈಗಿನ ಕಾಲದಲ್ಲಿ ಬೆಳಗಿನ ಪ್ರಾರ್ಥನೆಯನ್ನು ಕಿತ್ತುಕೊಳ್ಳುವುದು ನಿದ್ದೆಗಿಂತ ಜಾಸ್ತಿ ಇದೇ. ಹಾಸಿಗೆಯ ಅಂಚಿಗೆ ಕಾಲು ಇಳಿಬಿಟ್ಟು ಕೂತುಕೊಳ್ಳಿ. ಎರಡು ಕೈಗಳನ್ನೂ ತೊಡೆಯ ಮೇಲೆ ಅಂಗೈ ಮೇಲಾಗಿ ಇಡಿ, ಭಿಕ್ಷೆ ಕೇಳುವವರ ಹಾಗೆ. ಕರ್ತನ ಪ್ರಾರ್ಥನೆಯನ್ನು ನಿಧಾನವಾಗಿ ಹೇಳಿ. ಸಭೆಯಲ್ಲಿ ಎಲ್ಲರೂ ಕೂಡಿ ಹೇಳುವ ವೇಗದಲ್ಲಿ ಬೇಡ. "ನಿನ್ನ ಚಿತ್ತವು" ಎಂಬಲ್ಲಿ ನಿಂತು, ಇವತ್ತು ಆಫೀಸಿನಲ್ಲಿ ಇರುವ ಆ ಮೀಟಿಂಗಿನಲ್ಲಿ ಎಂದು ಸೇರಿಸಿ. "ನಮಗೆ ತಪ್ಪು ಮಾಡಿದವರನ್ನು" ಎಂಬಲ್ಲಿ ನಿಂತರೆ ಯಾರ ಮುಖ ಬರುತ್ತದೆಯೋ ಬರಲಿ. ಮೂರು ನಿಮಿಷ ಆಗುತ್ತದೆ. ಆಮೇಲೆ ಎದ್ದು ಹಾಲು ಇಡಿ.

ಮಧ್ಯಾಹ್ನ ಡಬ್ಬಿ ತೆರೆಯುವಾಗ ಒಂದು ಸಾಲು ಸಾಕು, ಅದನ್ನು ಚಿಕ್ಕಂದಿನಿಂದ ಮಾಡಿದ್ದೀರಿ. ಅದರ ಬಗ್ಗೆ ಜಾಸ್ತಿ ಹೇಳುವುದಿಲ್ಲ.

ದಿನದ ನಡುವೆ ಬರುವ ತುರ್ತಿಗೆ ನೆಹೆಮೀಯನನ್ನು ನೆನಪಿಟ್ಟುಕೊಳ್ಳಿ. ಅವನು ಪರ್ಷಿಯದ ಅರಸನಿಗೆ ಪಾನ ಕೊಡುವ ಸೇವಕ. ಅರಸನು ನಿನ್ನ ಅಪೇಕ್ಷೆ ಏನು ಎಂದು ಕೇಳುತ್ತಾನೆ. ಪ್ರಶ್ನೆಗೂ ಉತ್ತರಕ್ಕೂ ನಡುವೆ, ಪರಲೋಕದ ದೇವರನ್ನು ಪ್ರಾರ್ಥಿಸಿ ಅರಸನಿಗೆ ಹೀಗೆ ಹೇಳಿದೆ ಎಂದು ಅವನು ಬರೆಯುತ್ತಾನೆ. ಅರಸನ ಮುಂದೆ ಎಷ್ಟು ಹೊತ್ತು ಸುಮ್ನೆ ನಿಲ್ಲಲು ಆದೀತು? ಒಂದು ಉಸಿರಿನಷ್ಟು. ನಿಮ್ಮ ಮೇಲಧಿಕಾರಿ ಗಾಜಿನ ಕೋಣೆಯಿಂದ ಕೈ ಸನ್ನೆ ಮಾಡಿ ಕರೆದಾಗ ಕುರ್ಚಿಯಿಂದ ಎದ್ದು ಆ ಬಾಗಿಲು ತಲುಪುವಷ್ಟು ಹೊತ್ತು ಇರುತ್ತದಲ್ಲ, ಅದು ಧಾರಾಳ ಸಾಕು. ಪೌಲನು ಥೆಸಲೊನೀಕದವರಿಗೆ "ಎಡೆಬಿಡದೆ ಪ್ರಾರ್ಥನೆಮಾಡಿರಿ" ಎಂದು ಬರೆದದ್ದು ಕೂತಲ್ಲಿಂದ ಏಳಬೇಡಿ ಅಂತ ಅಲ್ಲ. ಆ ಜನ ಕೈಯಿಂದ ದುಡಿದು ಉಣ್ಣಬೇಕು ಎಂದು ಅದೇ ಪತ್ರದಲ್ಲಿ ಬರೆದಿದ್ದಾನೆ.

ಇನ್ನು ಬಾಯಿಪಾಠದ ಪ್ರಾರ್ಥನೆ. ನಿಮಗೆ ಕಲಿಸಿದವರು ಯಾವುದಕ್ಕೆ ಹೆದರಿ ಹಾಗೆ ಹೇಳಿದರು ಎಂದು ನನಗೆ ಗೊತ್ತು. ಮತ್ತಾಯ 6ರಲ್ಲಿ ಹೇಳಿದ್ದನ್ನೇ ಸುಮ್ಮನೆ ಹೇಳಬೇಡಿ, ಬಹಳ ಮಾತಾಡಿದರೆ ದೇವರು ಕೇಳುತ್ತಾನೆ ಎಂದು ನೆನಸಬೇಡಿ ಎಂಬ ಎಚ್ಚರಿಕೆ ಇದೆ. ಆದರೆ ಆ ಎಚ್ಚರಿಕೆಯ ಹಿಂದೆಯೇ, ಎರಡು ವಚನ ಕೆಳಗೆ, ಕರ್ತನು ಒಂದು ಬಾಯಿಪಾಠವನ್ನೇ ಕೊಡುತ್ತಾನಲ್ಲ! ಶಿಲುಬೆಗೆ ಹೋಗುವ ಹಿಂದಿನ ರಾತ್ರಿ ಗೆತ್ಸೇಮನೆ ತೋಟದಲ್ಲಿ ಆತನು ಮೂರನೇ ಸಲವೂ ಅದೇ ಮಾತುಗಳನ್ನು ಹೇಳಿ ಪ್ರಾರ್ಥಿಸಿದನು ಎಂದಿದೆ. ಶಿಲುಬೆಯ ಮೇಲೆ ಕೊನೆಯುಸಿರಿನ ಹೊತ್ತಿನಲ್ಲಿ ಬಂದ ಮಾತು, ನಿನ್ನ ಕೈಗೆ ನನ್ನ ಆತ್ಮವನ್ನು ಒಪ್ಪಿಸುತ್ತೇನೆ ಎಂಬುದು, 31ನೇ ಕೀರ್ತನೆಯದು. ಮೊದಲೇ ಬಾಯಿಗೆ ಬಂದಿದ್ದ ಮಾತು ಅದು. ಸ್ವಂತ ಮಾತು ಹುಡುಕಲು ಶಕ್ತಿ ಇಲ್ಲದಾಗ ಬಾಯಿಪಾಠವೇ ಕೈ ಹಿಡಿಯುತ್ತದೆ.

ಇದು ನನಗೂ ಆಗಿದೆ, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ. ಹನ್ನೊಂದು ವರ್ಷದ ಹಿಂದೆ ನನ್ನ ಹೆಂಡತಿ ತೀರಿಕೊಂಡಳು. ಅವಳಿಗಾಗಿ ಇಡೀ ಸಭೆ ಉಪವಾಸವಿದ್ದು ಪ್ರಾರ್ಥಿಸಿತ್ತು. ಆದ ಮೇಲೆ ಏಳೆಂಟು ತಿಂಗಳು ನಾನು ಒಬ್ಬನೇ ಇದ್ದಾಗ ಪ್ರಾರ್ಥಿಸಲು ಬಾಯಿ ತೆರೆದರೆ ಮಾತೇ ಬರುತ್ತಿರಲಿಲ್ಲ. ಭಾನುವಾರ ಪೀಠದ ಮೇಲೆ ನಿಂತು ಪುಸ್ತಕದಲ್ಲಿದ್ದ ಆರಾಧನೆಯನ್ನು ಓದುತ್ತಿದ್ದೆ, ಮನೆಗೆ ಬಂದು ಗೋಡೆ ನೋಡುತ್ತಿದ್ದೆ. ನಮ್ಮ ಸಭೆಯ ಹಿರಿಯರೊಬ್ಬರು, ನಿವೃತ್ತ ಮೇಷ್ಟ್ರು, ದಿನಾ ಸಂಜೆ ಏಳಕ್ಕೆ ಬಂದು ಪಕ್ಕದ ಕುರ್ಚಿಯಲ್ಲಿ ಕೂರುತ್ತಿದ್ದರು. ಸಮಾಧಾನ ಹೇಳುತ್ತಿರಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು "ಪರಲೋಕದಲ್ಲಿರುವ ನಮ್ಮ ತಂದೆಯೇ" ಎಂದು ಶುರು ಮಾಡುತ್ತಿದ್ದರು. ನಾನು ಜೊತೆಗೆ ಹೇಳಿದರೆ ಹೇಳಿದೆ, ಇಲ್ಲದಿದ್ದರೆ ಇಲ್ಲ. ಮುಗಿಸಿ, ಚಪ್ಪಲಿ ಹಾಕಿಕೊಂಡು ಹೋಗುತ್ತಿದ್ದರು. ಆ ದಿನಗಳಲ್ಲಿ ನನ್ನದು ಅಂತ ಇದ್ದ ಪ್ರಾರ್ಥನೆ ಅದೊಂದೇ, ಅದೂ ಇನ್ನೊಬ್ಬರ ಬಾಯಿಂದ. ಆಗಲೇ ನಾನು ಕೀರ್ತನೆಗಳನ್ನು ಬೇರೆ ರೀತಿ ಓದಲು ಕಲಿತದ್ದು. 13ನೆಯದು ಎಷ್ಟರವರೆಗೆ ಎಂದು ನಾಲ್ಕು ಸಲ ಕೇಳುತ್ತದೆ. 88ನೆಯದು ಕತ್ತಲಲ್ಲೇ ಮುಗಿಯುತ್ತದೆ, ಬೆಳಕಿನ ಒಂದು ಮಾತೂ ಕೊನೆಯಲ್ಲಿ ಇಲ್ಲ. ಅದನ್ನೂ ಸತ್ಯವೇದದಲ್ಲಿ ಉಳಿಸಿಕೊಂಡಿದ್ದಾರೆ ಎಂಬುದೇ ನನಗೆ ಆಗ ಆಸರೆ.

ಆದ್ದರಿಂದ ನಿಮ್ಮ ಅತ್ತೆಯ ಜಪಮಾಲೆಯನ್ನು ಹೊಟ್ಟೆಕಿಚ್ಚಿನಿಂದ ನೋಡುವುದು ಬಿಟ್ಟು ಹತ್ತಿರ ಹೋಗಿ ನೋಡಿ. ಸುತ್ತಿನಲ್ಲಿ ಐವತ್ತು ಸಣ್ಣ ಮಣಿ, ಹತ್ತು ಹತ್ತರ ಐದು ಗುಂಪು. ಹಿಂದೆ ಮಠಗಳಲ್ಲಿ ಓದು ಬಲ್ಲವರು 150 ಕೀರ್ತನೆಗಳನ್ನು ಹೇಳುತ್ತಿದ್ದರು, ಓದು ಬಾರದ ಜನ ಅದರ ಬದಲಿಗೆ 150 ಸಲ ಸಣ್ಣ ಪ್ರಾರ್ಥನೆ ಹೇಳುತ್ತಿದ್ದರು. ಮೂರು ಸುತ್ತು ಜಪಮಾಲೆ ಎಂದರೆ 150 ಆಗುವುದು ಹಾಗೆ. ಓದು ಬಾರದ ನನ್ನ ಅವ್ವನ ರೊಟ್ಟಿ, ನಿಮ್ಮ ಅತ್ತೆಯ ಮಣಿ, ಎರಡೂ ಕೈಗೆ ಕೆಲಸ ಕೊಟ್ಟು ಮನಸ್ಸನ್ನು ಹಿಡಿದು ನಿಲ್ಲಿಸುತ್ತವೆ. ಆ ಸಣ್ಣ ಮಣಿಗಳಿಗೆ ಹೇಳುವ "ನಮೋ ಮರಿಯಾ" ಎಂಬ ಮರಿಯಮ್ಮನ ಪ್ರಾರ್ಥನೆಯನ್ನು ಹೇಳಲು ನಮ್ಮ ಸಭೆಯಲ್ಲಿ ಬೆಳೆದ ನಿಮಗೆ ಮನಸ್ಸು ಒಪ್ಪದಿದ್ದರೆ ಹೇಳಬೇಡಿ, ನಾನೂ ಹೇಳುವುದಿಲ್ಲ, ಅತ್ತೆಗೂ ಅದು ಅರ್ಥವಾಗುತ್ತದೆ. ಆದರೆ ಪ್ರತಿ ಹತ್ತು ಮಣಿಗೆ ಮೊದಲು ಕರ್ತನ ಪ್ರಾರ್ಥನೆ ಬರುತ್ತದೆ, ಗೊತ್ತಾ? ಒಂದು ಸಂಜೆ, ಅಡುಗೆ ಕುಕ್ಕರಿಗೆ ಇಟ್ಟು, ಅವರ ಪಕ್ಕ ಹೋಗಿ ಕೂತುಕೊಳ್ಳಿ. ಆ ಪ್ರಾರ್ಥನೆ ಬಂದಾಗ ಜೊತೆಗೆ ಹೇಳಿ. ಪದಗಳು ಒಂದಿಷ್ಟು ಆಚೀಚೆ ಇರಬಹುದು, ಪರವಾಗಿಲ್ಲ. ಉಳಿದ ಹೊತ್ತು ಸುಮ್ನೆ ಕೂತಿರಿ. ಹತ್ತು ವರ್ಷ ಒಂದೇ ಮನೆಯಲ್ಲಿದ್ದು ಅತ್ತೆ ಸೊಸೆ ಒಂದು ಸಲವೂ ಕೂಡಿ ಪ್ರಾರ್ಥಿಸಿಲ್ಲ ಎಂಬುದು ನನಗೆ ನಿಮ್ಮ ಪತ್ರದಲ್ಲಿ ನಿಜವಾಗಿ ನೋವು ತಂದ ವಿಷಯ. ನಾಲ್ಕು ಗಂಟೆಗೆ ಏಳದಿದ್ದದ್ದು ನನಗೇನೂ ನೋವಾಗಲಿಲ್ಲ.

ಮನಸ್ಸು ಅಲೆಯುವ ವಿಷಯಕ್ಕೆ ಬರುತ್ತೇನೆ. ಅದೇ ಪೇತರ್‌ಗೆ ಲೂಥರ್ ಅವನ ಕಸುಬಿನಿಂದಲೇ ಹೇಳಿದರು. ಒಳ್ಳೆಯ ಕ್ಷೌರಿಕ ಕತ್ತಿಯ ಮೇಲೆ, ಕೂದಲಿನ ಮೇಲೆ ಕಣ್ಣಿಟ್ಟಿರಬೇಕು. ಮಾತಾಡುತ್ತಾ ಆಚೆ ಈಚೆ ನೋಡಿದರೆ ಎದುರಿಗೆ ಕೂತವನ ಬಾಯಿ ಮೂಗು ಕೊಯ್ದಾನು, ಕತ್ತೂ ಹೋದೀತು ಎಂದು. ನೀವು ಲೆಕ್ಕ ಬರೆಯುವವರು. ಒಂದು ಕಾಲಂ ಕೂಡುವಾಗ ಯಾರಾದರೂ ಮಾತಾಡಿಸಿದರೆ ಏನು ಮಾಡುತ್ತೀರಿ? ಬೈದುಕೊಂಡು ಪುಸ್ತಕ ಮುಚ್ಚುವುದಿಲ್ಲ. ಬೆರಳಿಟ್ಟಿದ್ದ ಸಾಲಿಗೆ ಹಿಂತಿರುಗಿ ಮತ್ತೆ ಕೂಡುತ್ತೀರಿ. ಪ್ರಾರ್ಥನೆಯಲ್ಲೂ ಹಾಗೆಯೇ ಹಿಂತಿರುಗಿ. ಮೂರು ನಿಮಿಷದಲ್ಲಿ ಹತ್ತು ಸಲ ಹಿಂತಿರುಗಿದರೆ ಹತ್ತು ಸಲ ದೇವರ ಕಡೆಗೆ ತಿರುಗಿದ ಹಾಗಾಯಿತು. ಇನ್ನೊಂದು ಮಾತು. ಗ್ಯಾಸು, ಸ್ಕೂಲ್ ಫೀಸು ಎಂದು ಬರೆದಿದ್ದೀರಲ್ಲ, ಅವು ಪ್ರಾರ್ಥನೆಗೆ ಅಡ್ಡಿ ಎಂದು ನನಗೆ ಅನ್ನಿಸುವುದಿಲ್ಲ. ನಿಮ್ಮ ಮನಸ್ಸಿನ ಮೇಲಿನ ಭಾರ ಅದೇ ಆಗಿದ್ದರೆ ಅದನ್ನೇ ಹೇಳಿ: ಸ್ವಾಮೀ, ಜೂನ್ ಹತ್ತಿರ ಬಂತು, ಎರಡನೇ ಕಂತಿಗೆ ದುಡ್ಡಿಲ್ಲ. ರೊಟ್ಟಿ ಕೊಡು ಎಂದು ಕೇಳಲು ಕಲಿಸಿದವನ ಮುಂದೆ ಫೀಸಿನ ಮಾತು ಕಡಿಮೆಯದ್ದೇನಲ್ಲ. ಪಕ್ಕದಲ್ಲಿ ಒಂದು ಚೀಟಿ ಪೆನ್ನು ಇಟ್ಟುಕೊಳ್ಳಿ. ಸಿಲಿಂಡರ್ ಬುಕ್ ಮಾಡಬೇಕು ಎಂದು ನೆನಪಾದರೆ ಬರೆದಿಡಿ, ಅದು ಮತ್ತೆ ಮತ್ತೆ ಬಂದು ಬಾಗಿಲು ತಟ್ಟುವುದಿಲ್ಲ.

ನಿದ್ದೆ ಬಂದರೆ? ಗೆತ್ಸೇಮನೆಯಲ್ಲಿ ಶಿಷ್ಯರೂ ಮಲಗಿದರು. ಕರ್ತನಿಗೆ ನೋವಾಯಿತು, ಹೌದು, ಆದರೆ ದೇಹಕ್ಕೆ ಬಲ ಸಾಲದು ಎಂದು ಅವರ ಪರವಾಗಿ ಹೇಳಿದವನೂ ಆತನೇ. ರಾತ್ರಿಯ ಪ್ರಾರ್ಥನೆಯನ್ನು ಹಾಸಿಗೆಯಲ್ಲಿ ಬಿದ್ದ ಮೇಲೆ ಮಾಡಬೇಡಿ, ನಡುವೆಯೇ ನಿದ್ದೆ ಹೋಗುತ್ತೀರಿ. ಅಡುಗೆಮನೆಯ ದೀಪ ಆರಿಸುವ ಮುಂಚೆ, ಕಟ್ಟೆ ಒರೆಸಿ ಬಟ್ಟೆ ಹಿಂಡಿ ಹಾಕಿದ ಮೇಲೆ, ಅಲ್ಲೇ ನಿಂತು ಒಂದು ನಿಮಿಷ. ಯೇಸುಸಭೆ ಎಂಬ ಕ್ಯಾಥೊಲಿಕ್ ಸಂಘವನ್ನು ಕಟ್ಟಿದ ಇಗ್ನೇಷಿಯಸ್ ಲೊಯೋಲಾ ತಮ್ಮ ಜೊತೆಯವರಿಗೆ ದಿನವನ್ನು ಹಿಂದಿರುಗಿ ನೋಡುವುದನ್ನು ಕಲಿಸಿದರು, 16ನೇ ಶತಮಾನದಲ್ಲಿ. ಅದು ಅಡುಗೆಮನೆಗೂ ಸರಿಹೊಂದುತ್ತದೆ. ಇವತ್ತು ಯಾವುದಕ್ಕೆ ಸ್ತೋತ್ರ ಹೇಳಲಿ, ಯಾರಿಗೆ ನೋಯಿಸಿದೆ, ನಾಳೆ ಯಾವುದಕ್ಕೆ ಹೆದರುತ್ತಿದ್ದೇನೆ. ಮೂರಕ್ಕೂ ಒಂದೊಂದೇ ಉತ್ತರ. ದೀಪ ಆರಿಸಿ ಹೋಗಿ ಮಲಗಿ.

ಕುಟುಂಬ ಪ್ರಾರ್ಥನೆಯ ಬಗ್ಗೆ ನೀವು ಕೇಳಲಿಲ್ಲ, ಆದರೆ ಅಪ್ಪನ ನೆನಪು ತೆಗೆದಿರಿ. ಬೆಟಗೇರಿ, ಹುಬ್ಬಳ್ಳಿ, ಧಾರವಾಡ, ಮಂಗಳೂರು ಕಡೆಯ ನಮ್ಮ ಹಳೆಯ ಮನೆಗಳಲ್ಲಿ ಇದು ಬಾಸೆಲ್ ಮಿಶನ್ನಿನ ಕಾಲದಿಂದ ಬಂದ ರೂಢಿ. 1834ರಲ್ಲಿ ಮಂಗಳೂರಿಗೆ ಬಂದ ಆ ಮಿಶನರಿಗಳ ಹಿಂದೆ ಮನೆಮನೆಯಲ್ಲಿ ಕೂಡಿ ವಾಕ್ಯ ಓದುವ ಜರ್ಮನ್ ಭಕ್ತಿಯ ಪರಂಪರೆ ಇತ್ತು. ಒಂದು ಸಂಗೀತ (ಅಂದರೆ ಸ್ತುತಿಗೀತೆ), ಒಂದು ಅಧ್ಯಾಯ, ಆಮೇಲೆ ಅಪ್ಪಂದಿರ ಉದ್ದ ಪ್ರಾರ್ಥನೆ, ನಾವು ಮಕ್ಕಳು ಚಾಪೆಯ ಮೇಲೆ ಮೊಣಕಾಲೂರಿದಲ್ಲೇ ನಿದ್ದೆ ಹೋಗುತ್ತಿದ್ದೆವು. ಅದನ್ನು ಹಾಗೆಯೇ ಬೆಂಗಳೂರಿನ ಫ್ಲ್ಯಾಟಿಗೆ ತರಲು ಹೋಗಬೇಡಿ. ಯಜಮಾನರನ್ನು ಬಲವಂತದಿಂದ ಕೂರಿಸಬೇಡಿ, ನೀವು ಯಾಕೆ ಬರಲ್ಲ ಎಂದು ಮಕ್ಕಳ ಮುಂದೆ ಕೇಳಲೂಬೇಡಿ. ಮಕ್ಕಳನ್ನು ಮಲಗಿಸುವಾಗ ಒಂದು ಸಂಗೀತದ ಒಂದೇ ಚರಣ ಹಾಡಿ, ತಲೆ ಮೇಲೆ ಕೈಯಿಟ್ಟು "ಯೆಹೋವನು ನನಗೆ ಕುರುಬನು, ಕೊರತೆಪಡೆನು" ಎಂದು ಹೇಳಿಸಿ. ಬಾಗಿಲು ತೆರೆದಿರಲಿ, ಹಾಲಿನಲ್ಲಿ ಟಿವಿ ನೋಡುತ್ತಿರುವವರಿಗೆ ಕೇಳುವಷ್ಟು. ಎಷ್ಟೋ ಗಂಡಸರು ಹೀಗೆ ಬಾಗಿಲಿನ ಆಚೆಯಿಂದಲೇ ಶುರು ಮಾಡಿದ್ದನ್ನು ಕಂಡಿದ್ದೇನೆ.

ಇಷ್ಟನ್ನೂ ನಾಳೆಯೇ ಒಟ್ಟಿಗೆ ಶುರು ಮಾಡಬೇಡಿ. ಇದನ್ನು ದಯವಿಟ್ಟು ಕೇಳಿ, ಯಾಕೆಂದರೆ ಒಂಬತ್ತು ದಿನದ ಉತ್ಸಾಹ ನಿಮ್ಮಲ್ಲಿ ಇನ್ನೂ ಇದೆ. ಮೊದಲ ಎರಡು ವಾರ ಹಾಸಿಗೆಯ ಅಂಚಿನ ಮೂರು ನಿಮಿಷ ಮಾತ್ರ. ಒಂದು ದಿನ ತಪ್ಪಿದರೆ ಮರುದಿನ ಆರು ನಿಮಿಷ ಮಾಡಬೇಡಿ, ಮೂರೇ ನಿಮಿಷ. ಅದು ಹಲ್ಲುಜ್ಜುವಷ್ಟು ಸಹಜ ಆದ ಮೇಲೆ ಮೆಟ್ರೋದ ಹೆಸರುಗಳು. ಅಡುಗೆಮನೆಯ ದೀಪ ಅದರ ನಂತರ. ತಿಂಗಳಿನ ಕೆಲವು ದಿನ ಮೈ ಕೈ ನೋವು, ಮಕ್ಕಳಿಗೆ ಪರೀಕ್ಷೆ, ಮಾರ್ಚ್ ಕೊನೆಗೆ ನಿಮ್ಮ ಲೆಕ್ಕಪತ್ರದ ಗದ್ದಲ, ಆಗ ಏನೂ ಆಗದಿದ್ದರೆ ಯೇಸುಸ್ವಾಮಿ ಹೇಳಿದ ಸಾಮ್ಯದಲ್ಲಿ ದೇವಾಲಯದಲ್ಲಿ ದೂರ ನಿಂತ ಆ ಸುಂಕದವನ ಒಂದು ಸಾಲು ಇದೆ, ಪಾಪಿಯಾದ ನನ್ನನ್ನು ಕರುಣಿಸು ಎಂಬುದು. ಅದನ್ನು ಹೇಳಿ ಅವನು ನೀತಿವಂತನೆನಿಸಿಕೊಂಡು ಮನೆಗೆ ಹೋದ ಎಂದಿದೆ.

ಅತ್ತೆಯ ಪಕ್ಕ ಕೂರುವುದಕ್ಕೆ ಮಾತ್ರ ಎರಡು ವಾರ ಕಾಯುವುದು ಬೇಡ. ಇವತ್ತು ಸಂಜೆಯೇ ಹೋಗಿ ಕೂತುಕೊಳ್ಳಿ.